ಹೆಡ್ಮಿಸ್ ಕಾಲೆತ್ತಿದರೆ ರೈಲು

ನಮ್ಮ ರೈಲು ಸ್ಟೇಷನ್ನಿನಲ್ಲಿ ಸುಳ್ಳು ಹೇಳುವುದಕ್ಕೆಂದೇ ಒಂದು ಕೋಣೆ ಇತ್ತು. ಅದರಲ್ಲಿ ಒಂದು ಮೇಜು, ಒಂದು ಮೈಕು, ಐದು ನಿಮಿಷ ಮುಂದೆ ಓಡುವ ಒಂದು ಗಡಿಯಾರ, ಮತ್ತು ನನ್ನ ಸೋದರಮಾವ.

ರೈಲು ಬರುವ ವಿಷಯವನ್ನು ಪ್ರಯಾಣಿಕರಿಗೆ ಮೈಕಿನಲ್ಲಿ ತಿಳಿಸುವುದು ಮಾವನ ಕೆಲಸ. ಮೂವತ್ತೆಂಟು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದಿದ್ದರು. ಅವರದು ಕಂಚಿನ ಕಂಠ ಎಂದು ಊರೆಲ್ಲ ಹೊಗಳಿ ಹೊಗಳಿ, ಕೊನೆಗೆ ಅಷ್ಟುದ್ದ ಹೇಳಲು ಬೇಜಾರಾಗಿ ಬರೀ ‘ಕಂಚು’ ಎಂದು ಕರೆಯತೊಡಗಿತ್ತು. ಕಂಠ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಕಂಠ ಹೇಳುತ್ತಿದ್ದುದೂ ಒಂದೇ ಮಾತು: “ಪ್ರಯಾಣಿಕರ ಗಮನಕ್ಕೆ. ತಾವು ಕಾಯುತ್ತಿರುವ ರೈಲು ಇನ್ನು ಕೆಲವೇ ಕ್ಷಣಗಳಲ್ಲಿ ಆಗಮಿಸಲಿದೆ.” ರೈಲು ಎರಡು ಗಂಟೆ ತಡವಾಗಿದ್ದರೂ ಕೆಲವೇ ಕ್ಷಣ. ದಾರಿಯಲ್ಲಿ ಕೆಟ್ಟು ನಿಂತಿದ್ದರೂ ಕೆಲವೇ ಕ್ಷಣ. ರೈಲು ಬರುವವರೆಗೆ ಹತ್ತು ನಿಮಿಷಕ್ಕೊಮ್ಮೆ ಅದನ್ನೇ ಹೇಳುತ್ತಿದ್ದರು. ಕೊನೆಯ ಸಲ ಹೇಳಿದ್ದು ಹೇಗೂ ನಿಜವಾಗುತ್ತಿತ್ತಲ್ಲ, ಆ ಒಂದನ್ನು ಹಿಡಿದುಕೊಂಡು ತಾನು ಸುಳ್ಳು ಹೇಳಿದವನೇ ಅಲ್ಲ ಎಂದು ಎದೆ ತಟ್ಟಿಕೊಳ್ಳುತ್ತಿದ್ದರು.

“ಲೇಟು ಅಂದ್ರೆ ಜನ ಮುಖ ಬಾಡಿಸ್ಕೋತಾರೆ ಕಣೆ. ಕೆಟ್ಟ ಸುದ್ದಿ ಹೇಳೋಕೆ ಈ ಕಂಠ ಯಾಕೆ?”

“ಮುಖ ಬಾಡಿಸ್ಕೊಂಡೋರು ಜಗಳಕ್ಕೆ ಬರೋದು ನನ್ನ ಹತ್ರ, ಮಾವ.”

ನಾನು ಅದೇ ಸ್ಟೇಷನ್ನಿನ ಟಿಕೆಟ್ ಕಿಟಕಿಯವಳು. ಕಿಟಕಿಯ ತೂತು ಒಂದು ಗೇಣು ಅಗಲ. ಅದರಲ್ಲಿ ತೂರಿಸಿದ ಮುಖಗಳೆಲ್ಲ ಕೇಳುತ್ತಿದ್ದುದು, “ಕೆಲವೇ ಕ್ಷಣ ಅಂದ್ರೆ ಎಷ್ಟು?” ನಮ್ಮೂರಲ್ಲಿ ಅದು ಒಂದು ಅಳತೆಯೇ ಆಗಿಹೋಗಿತ್ತು. ದರ್ಜಿ ಬಟ್ಟೆ ಯಾವಾಗ ಕೊಡುತ್ತಾನೆ ಎಂದರೆ, ಕಂಚಿನ ಕ್ಷಣದಲ್ಲಿ. ಹಾಗೆಂದರೆ ಈ ವಾರ ಆಸೆ ಬಿಡಿ ಎಂದರ್ಥ. ನಿಜ ಹೇಳಬೇಕೆಂದರೆ ರೈಲು ಎಲ್ಲಿದೆ ಎಂದು ನಮಗೂ ತಿಳಿಯುತ್ತಿರಲಿಲ್ಲ. ಹಿಂದಿನ ಸ್ಟೇಷನ್ನಿನವನು ಫೋನಿನಲ್ಲಿ “ಹೊರಟಿದೆ” ಅನ್ನುತ್ತಿದ್ದ. ಗಾರ್ಡು ಅವನ ಎದುರಿಗೇ ಕೂತು ಚಹಾ ಕುಡಿಯುತ್ತಿದ್ದರೂ ಹೊರಟಿದೆ. ನಡುವೆ ಇಪ್ಪತ್ತು ಮೈಲಿ ಕಾಡು. ಅದರೊಳಗೆ ಹೊಕ್ಕ ರೈಲು ತನಗೆ ಮನಸ್ಸು ಬಂದಾಗ ಹೊರಗೆ ಬರುತ್ತಿತ್ತು. ಸ್ಟೇಷನ್ ಮಾಸ್ಟರ್ ಎಂಬವರೂ ಒಬ್ಬರಿದ್ದರು. ಅವರಿಗೆ ಈ ಕಥೆಯಲ್ಲಿ ಕೆಲಸವಿಲ್ಲ, ಸ್ಟೇಷನ್ನಿನಲ್ಲೂ ಇರಲಿಲ್ಲ.

ಕಂಠವನ್ನು ಕಾಪಾಡಿಕೊಳ್ಳಲು ಮಾವ ಪಡುತ್ತಿದ್ದ ಪಾಡು ಹೇಳತೀರದು. ಉರಿ ಬೇಸಿಗೆಯಲ್ಲೂ ಕುತ್ತಿಗೆಯಿಂದ ಕಿವಿಯವರೆಗೆ ಮಫ್ಲರ್. ಪ್ರತಿ ಸಲ ಮೈಕು ಹಿಡಿಯುವ ಮುಂಚೆ ಉಪ್ಪು ನೀರಿನಲ್ಲಿ ಗಳಗಳ. ಹೇಳುವಾಗ ಎರಡೂ ಕಣ್ಣು ಮುಚ್ಚಿಕೊಳ್ಳುತ್ತಿದ್ದರು, ತಮ್ಮ ದನಿ ತಮಗೇ ಚೆನ್ನಾಗಿ ಕೇಳಲಿ ಎಂದು. ಮನೆಗೆ ಬಂದರೆ ಮೌನ. ಏನು ಬೇಕಿದ್ದರೂ ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದರು. ಅತ್ತೆ ಏನಾದರೂ ಕೆಲಸ ಹೇಳಿದರೆ ಸ್ಲೇಟು ಎತ್ತಿ ಹಿಡಿಯುತ್ತಿದ್ದರು. ಅದರ ಮೇಲೆ ಬರೆದಿದ್ದುದು “ಕೆಲವೇ ಕ್ಷಣ”. ಆ ಎರಡು ಪದ ಅಳಿಸಿದ್ದನ್ನು ನಾನು ನೋಡಿಲ್ಲ. ಮಿಕ್ಕದ್ದನ್ನೆಲ್ಲ ಅದರ ಕೆಳಗೆ ಉಳಿದ ಜಾಗದಲ್ಲಿ ಬರೆಯುತ್ತಿದ್ದರು.

ಹೀಗಿರುವಾಗ ಆನೆಗಳು ಬಂದವು.

ಎರಡನೇ ಪ್ಲಾಟ್‌ಫಾರ್ಮಿನ ಆಚೆ, ಹಳಿ ದಾಟಿದ ಕೂಡಲೇ ಒಂದು ದಿಬ್ಬ. ಹಿಂದೆ ಉಗಿಬಂಡಿಗಳ ಬೂದಿಯನ್ನು ಅಲ್ಲಿ ಸುರಿಯುತ್ತಿದ್ದರಂತೆ. ಈಗ ಅದರ ಮೇಲೆ ಆಳೆತ್ತರ ಹುಲ್ಲು. ಒಂದು ಬೆಳಿಗ್ಗೆ ಒಂಬತ್ತಕ್ಕೆ ನೋಡಿದರೆ ಏಳು ಕಾಡಾನೆ ಹಳಿಯ ಮೇಲೂ ದಿಬ್ಬದ ಮೇಲೂ ನಿಂತು, ಬೂದಿ ಕೆದಕಿ ಬಾಯಿಗೆ ಹಾಕಿಕೊಳ್ಳುತ್ತ, ಹುಲ್ಲು ಕಿತ್ತು ಮಂಡಿಗೆ ಬಡಿದು ಮಣ್ಣು ಉದುರಿಸಿ ತಿನ್ನುತ್ತಿವೆ. ಪ್ಲಾಟ್‌ಫಾರ್ಮಿನಲ್ಲಿದ್ದ ಹದಿನಾಲ್ಕು ಜನ ನನ್ನ ಟಿಕೆಟ್ ಕೋಣೆಗೆ ನುಗ್ಗಿದರು. ಅದು ಇಬ್ಬರಿಗೆ ಸಾಲದ ಕೋಣೆ. ಯಾರದೋ ಮೊಣಕೈ ನನ್ನ ಮೂಗಿನ ಮೇಲೆ, ಯಾರದೋ ಕೋಳಿ ನನ್ನ ತಲೆಯ ಮೇಲೆ.

ಮಾವ ಮಾತ್ರ ತಮ್ಮ ಕೋಣೆ ಬಿಡಲಿಲ್ಲ. ಧೈರ್ಯದಿಂದಲ್ಲ, ಗಂಟಲು ಹದ ಮಾಡಿಕೊಳ್ಳುತ್ತ ಕಣ್ಣು ಮುಚ್ಚಿ ಕೂತಿದ್ದರಿಂದ. ಸರಿಯಾಗಿ ಹತ್ತು ಗಂಟೆಗೆ ಗಳಗಳ ಮುಗಿಸಿ, “ಪ್ರಯಾಣಿಕರ ಗಮನಕ್ಕೆ” ಎಂದು ಶುರು ಮಾಡಿದರು. ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡ ಹೆಣ್ಣಾನೆ ತಿನ್ನುವುದನ್ನು ನಿಲ್ಲಿಸಿತು. ಕಿವಿ ಎರಡನ್ನೂ ಅಗಲಿಸಿತು. ಸೊಂಡಿಲ ತುದಿಯನ್ನು ನೆಲಕ್ಕೆ ಒತ್ತಿ, ಮುಂದಿನ ಬಲಗಾಲನ್ನು ಒಂದು ಗೇಣು ಮೇಲೆತ್ತಿ ಹಾಗೆಯೇ ನಿಂತುಬಿಟ್ಟಿತು. ಮಿಕ್ಕ ಆರೂ ಕಲ್ಲಿನಂತೆ ನಿಂತವು. ಆಮೇಲೆ ಅದು ತಿರುಗಿ ದಿಬ್ಬದ ಆಚೆ ಇಳಿಯಿತು. ಉಳಿದವು ಸಾಲಾಗಿ ಹಿಂದೆ ಹೋದವು. ಐದು ನಿಮಿಷಕ್ಕೆ ಹತ್ತು ಗಂಟೆಯ ರೈಲು ಬಂತು.

ಆ ಹೆಣ್ಣಾನೆಗೆ ಹೆಡ್ಮಿಸ್ ಎಂದು ಹೆಸರಿಟ್ಟವಳು ನಾನೇ. ನಮ್ಮ ಶಾಲೆಯ ಹೆಡ್ಮಿಸ್ ಕೂಡ ಬಾಗಿಲಲ್ಲಿ ಸುಮ್ಮನೆ ನಿಂತೇ ಇಡೀ ತರಗತಿಯನ್ನು ಹೊರಗೆ ನಡೆಸುತ್ತಿದ್ದರು.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂದು ಯಾರಾದರೂ ಅಲ್ಲೇ ಹೇಳಿಬಿಟ್ಟಿದ್ದರೆ ಚೆನ್ನಾಗಿತ್ತು. ಯಾರೂ ಹೇಳಲಿಲ್ಲ. ಕೋಳಿಯವನು ಹೊರಗೆ ಬಂದು ಮಾವನ ಕೈ ಹಿಡಿದು, “ಕಂಚಣ್ಣ, ನಿನ್ನ ಮಾತಿಗೆ ಕಾಡು ಪ್ರಾಣಿನೂ ಬೆಲೆ ಕೊಡ್ತಲ್ಲ!” ಎಂದ. ಮುಗಿಯಿತು. ಅಂದಿನಿಂದ ಮಾವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆನೆಗಳು ದಿನಾ ಬರತೊಡಗಿದವು. ಒಂಬತ್ತಕ್ಕೆ ಬಂದು, ರೈಲು ಬರುವ ಐದಾರು ನಿಮಿಷ ಮುಂಚೆ ಹೊರಡುತ್ತಿದ್ದವು. ರೈಲು ಒಂದು ಗಂಟೆ ತಡವಾದ ದಿನ ಮಾವ ಆರು ಸಲ “ಕೆಲವೇ ಕ್ಷಣ” ಅನ್ನುತ್ತಿದ್ದರು. ಐದು ಸಲ ಆನೆಗಳು ಕ್ಯಾರೇ ಅನ್ನದೆ ಹುಲ್ಲು ಮೇಯುತ್ತಿದ್ದವು, ಆರನೆಯದಕ್ಕೆ ಹೊರಡುತ್ತಿದ್ದವು. ಹಾಗಾದರೆ ಆ ಐದು ಸಲ ಯಾಕೆ ಕದಲಲಿಲ್ಲ ಎಂದು ಕೇಳಿದೆ.

“ಇನ್ನೂ ಕೇಳ್ಬೇಕು ಅಂತ ಆಸೆ ಕಣೆ ಅವಕ್ಕೆ,” ಎಂದರು ಮಾವ. “ಒಳ್ಳೆ ಹಾಡು ಹೇಳಿದ್ರೆ ಜನ ಇನ್ನೊಂದ್ಸಲ ಅನ್ನಲ್ವಾ? ಹಂಗೆ.”

ಕೋಣನ ಮುಂದೆ ಕಿನ್ನರಿ ಬಾರಿಸಬೇಡ ಎಂಬ ಗಾದೆ ಕೇಳಿದ್ದೆ. ಆನೆಯ ಮುಂದೆ ಬಾರಿಸುವವರಿಗೆ ಏನು ಹೇಳಬೇಕೋ ನನಗೆ ಗೊತ್ತಿರಲಿಲ್ಲ.

ಪ್ರಯಾಣಿಕರು ಮಾವನಿಗಿಂತ ಬುದ್ಧಿವಂತರು. ಎರಡೇ ವಾರದಲ್ಲಿ ಮೈಕಿಗೆ ಕಿವಿ ಕೊಡುವುದನ್ನು ಬಿಟ್ಟರು. ಬೆಂಚಿನ ಮೇಲೆ ಕಾಲು ಚಾಚಿ ಪೇಪರು ಓದುತ್ತ, ಆಗಾಗ ದಿಬ್ಬದ ಕಡೆ ಒಂದು ಕಣ್ಣು ಹಾಯಿಸುವುದು. ಹೆಡ್ಮಿಸ್ ಕಾಲೆತ್ತಿದಳೋ, ಎದ್ದು ಪೆಟ್ಟಿಗೆ ಎತ್ತಿಕೊಳ್ಳುವುದು. ನನ್ನ ಕಿಟಕಿಯಲ್ಲಿ ಜಗಳವೇ ನಿಂತುಹೋಯಿತು. ಟಿಕೆಟ್ ಕೇಳುವವರು ಕೂಡ, “ಹೆಡ್ಮಿಸ್ ಬಂದ್ರಾ?” ಎಂದು ವಿಚಾರಿಸುತ್ತಿದ್ದರು.

ನಿಜ ನನಗೆ ಗೊತ್ತಾದದ್ದು ಮೈಕು ಕೆಟ್ಟ ದಿನ. ಇಲಿ ತಂತಿ ಕಡಿದಿತ್ತು. ಮಾವ ಒಳಗೆ ಕಣ್ಣು ಮುಚ್ಚಿ ಕಂಚು ಮೊಳಗಿಸುತ್ತಿದ್ದರು, ಹೊರಗೆ ಒಂದು ನೊಣಕ್ಕೂ ಕೇಳುತ್ತಿರಲಿಲ್ಲ. ಆದರೂ ಹೆಡ್ಮಿಸ್ ಕಿವಿ ಅಗಲಿಸಿದಳು, ಸೊಂಡಿಲು ಒತ್ತಿದಳು, ಕಾಲೆತ್ತಿದಳು. ಆ ಹೊತ್ತಿಗೆ ನನ್ನ ಎದೆಯೊಳಗೆ ಏನೋ ಗುಂಯ್ ಎಂದಂತಾಯಿತು. ಮೇಜಿನ ಮೇಲಿದ್ದ ಚಹಾದ ಲೋಟ ನೋಡಿದೆ. ಚಹಾದ ಮೇಲೆ ಸಣ್ಣ ಸಣ್ಣ ಬಳೆ ಮೂಡಿ ಅಂಚಿಗೆ ಹೋಗಿ ಅಳಿಯುತ್ತಿದ್ದವು. ಹೆಡ್ಮಿಸ್ ತನ್ನವರಿಗೆ “ನಡೀರಿ” ಎಂದು ಹೇಳಿದ್ದು ಅದು. ಅಷ್ಟು ತಗ್ಗಿದ ದನಿ, ನಮ್ಮ ಕಿವಿಗೆ ಎಟಕುವುದಿಲ್ಲ. ಆನೆಗಳು ಹೋದವು, ರೈಲು ಬಂತು.

ಮರುದಿನದಿಂದ ನಾನು ಕಾವಲು ಕೂತೆ. ಗಾಡಿ ಕಾಡಿನಲ್ಲಿ ಇನ್ನೂ ಮೂರು ನಾಲ್ಕು ಮೈಲಿ ದೂರದಲ್ಲಿರುವಾಗಲೇ ಅದರ ಭಾರಕ್ಕೆ ನೆಲ ನಡುಗುತ್ತಿರಬೇಕು. ಆ ನಡುಕ ಹೆಡ್ಮಿಸ್‌ಗೆ ಪಾದದಲ್ಲಿ ಕೇಳುತ್ತಿತ್ತು. ಒಂದು ಕಾಲೆತ್ತಿ ಮಿಕ್ಕ ಮೂರರ ಮೇಲೆ ಭಾರ ಬಿಟ್ಟು, ಯಾವ ಕಡೆಯಿಂದ ಎಂದು ತೂಗಿ ನೋಡುತ್ತಿದ್ದಳು. ನಾನೂ ಯಾರೂ ಇಲ್ಲದಾಗ ಚಪ್ಪಲಿ ಬಿಚ್ಚಿ ಒಂದು ಕಾಲೆತ್ತಿ ನಿಂತು ನೋಡಿದೆ. ನನಗೆ ಕೇಳಿಸಿದ್ದು ಸೊಂಟ ನೋವು ಮಾತ್ರ.

ಅಂದರೆ ಆನೆಗಳು ಮಾವನ ಮಾತು ಕೇಳುತ್ತಲೇ ಇರಲಿಲ್ಲ. ನನ್ನ ಕೋಳಿ ಕೂಗಿದರೇ ಬೆಳಗಾಗುವುದು ಎಂದುಕೊಂಡ ಅಜ್ಜಿಯ ಕಥೆ ನಮ್ಮ ಮನೆಯಲ್ಲೇ ನಡೆಯುತ್ತಿತ್ತು.

ಆ ಸಂಜೆ ಅತ್ತೆಗೆ ಎಲ್ಲ ಹೇಳಿದೆ. ಅತ್ತೆ ಅಡುಗೆಮನೆಯ ಕಿಟಕಿಯ ಹತ್ತಿರ ನಿಂತಿದ್ದರು. ಆ ಕಿಟಕಿಗೆ ಚಿಲಕ ಇರಲಿಲ್ಲ. ಗಾಳಿ ಬಂದರೆ ದಡಾರ್ ಎಂದು ಬಡಿಯುತ್ತಿತ್ತು. ಅತ್ತೆ ಒಂದು ಸೌಟನ್ನು ಅಡ್ಡ ಸಿಕ್ಕಿಸಿ ಅದನ್ನು ಹಿಡಿದಿಟ್ಟಿದ್ದರು. ಸೌಟು ಬೇಕಾದಾಗ ಕಿಟಕಿ ಬಡಿಯುತ್ತಿತ್ತು, ಕಿಟಕಿ ಮುಚ್ಚಬೇಕಾದಾಗ ಅಡುಗೆ ನಿಲ್ಲುತ್ತಿತ್ತು.

“ನೀನು ಹೇಳೋದು ನಿಜಾನೇ ಇರ್ಬೇಕು,” ಎಂದರು ಅತ್ತೆ. “ಆದ್ರೆ ಅವ್ರ ಹತ್ರ ಬಾಯಿ ಬಿಡ್ಬೇಡ. ನಿನ್ನೆ ಏನ್ ಮಾಡಿದ್ರು ಗೊತ್ತಾ? ಊಟಕ್ಕೆ ಕೂತಾಗ ಸ್ಲೇಟು ಪಕ್ಕಕ್ಕಿಟ್ಟು, ಬಾಯಲ್ಲೇ ಮಾತಾಡಿದ್ರು. ಹೆಡ್ಮಿಸ್ ಮರೀನ ಹೆಂಗೆ ಒದ್ದು ಸಾಲಿಗೆ ನಿಲ್ಸಿದ್ಲು ಅಂತ ನಗ್ತಾ ನಗ್ತಾ ಹೇಳಿದ್ರು. ಅವ್ರು ನಗೋದು ನೋಡಿ ಎಷ್ಟ್ ವರ್ಷ ಆಗಿತ್ತೋ.”

“ನೀವು ಏನಂದ್ರಿ?”

“ಚಿಲಕ ಅಂದೆ. ಸ್ಲೇಟು ಎತ್ತಿ ಹಿಡಿದ್ರು.”

ನನ್ನ ಬಾಯಿಗೆ ನಾನೇ ಬೀಗ ಹಾಕಿಕೊಂಡೆ. ನನ್ನಂಥವಳಿಗೆ ಅದು ಸಣ್ಣ ಕಷ್ಟವಲ್ಲ. ಎದುರಿಗೆ ತಪ್ಪು ಕಂಡರೆ ನನಗೆ ನಾಲಿಗೆ ತುರಿಸುತ್ತದೆ. ಆದರೆ ಮಾವ ಬೆಳಿಗ್ಗೆ ಸ್ಟೇಷನ್ನಿಗೆ ಬಂದು ದಿಬ್ಬದ ಕಡೆ ತಿರುಗಿ, “ಎಲ್ರೂ ಬಂದ್ರೇನಮ್ಮಾ?” ಎಂದು ಕೇಳುವುದನ್ನು ನೋಡಿದರೆ ಆ ತುರಿಕೆ ತಾನಾಗಿ ಅಡಗುತ್ತಿತ್ತು.

ಹೀಗೇ ನಡೆದುಕೊಂಡು ಹೋಗುತ್ತಿತ್ತೇನೋ. ಅಷ್ಟರಲ್ಲಿ ಹೆಡ್ಡಾಫೀಸಿನಿಂದ ಕಾಗದ ಬಂತು. ಸಣ್ಣ ಸ್ಟೇಷನ್ನುಗಳಿಗೆಲ್ಲ ಮಾತಾಡುವ ಯಂತ್ರ ಕೊಡುತ್ತಾರಂತೆ. ಮೈಕಿನ ಹುದ್ದೆ ರದ್ದು. ಮಾವ ನಿವೃತ್ತಿಗೆ ಉಳಿದ ಎರಡು ವರ್ಷವನ್ನು ಮುನ್ನೂರು ಮೈಲಿ ದೂರದ ಗೋದಾಮಿನಲ್ಲಿ, ಜನ ರೈಲಿನಲ್ಲಿ ಮರೆತುಹೋದ ಕೊಡೆಗಳಿಗೆ ಚೀಟಿ ಅಂಟಿಸುತ್ತ ಕಳೆಯಬೇಕು.

“ಕೊಡೆಗೆ ಮಾತು ಬೇಕಾ?” ಎಂದು ಮಾವ ಕೇಳಿದರು. ಮುಖ ಹುಳ್ಳಗಾಗಿತ್ತು. ಆಮೇಲೆ ಇದ್ದಕ್ಕಿದ್ದಂತೆ ಮೀಸೆ ಅರಳಿತು. “ತಾಳು. ಆನೆಗಳು!”

ನಾಲ್ಕು ಪುಟದ ಉತ್ತರ ಬರೆದರು. ಈ ಸ್ಟೇಷನ್ನಿನ ಆನೆಗಳು ತಮ್ಮ ಕಂಠ ಒಂದನ್ನೇ ಪಾಲಿಸುತ್ತವೆ, ಯಂತ್ರವಿಟ್ಟರೆ ಅವು ಹಳಿ ಬಿಡುವುದಿಲ್ಲ, ಮುಂದಾಗುವುದಕ್ಕೆ ತಾವು ಹೊಣೆಯಲ್ಲ, ಬೇಕಾದರೆ ಬಂದು ಪರೀಕ್ಷಿಸಿ ಎಂದು. ನನಗೆ ಓದಲು ಕೊಟ್ಟರು. ಆಗಲೇ ಹೇಳಿಬಿಡಬೇಕಿತ್ತು. “ಅಕ್ಷರ ಚೆನ್ನಾಗಿದೆ ಮಾವ” ಎಂದೆ. ಎಂಟೇ ದಿನದಲ್ಲಿ ಜವಾಬು ಬಂತು. ಹತ್ತನೆಯ ದಿನ ಯಂತ್ರದ ಸಮೇತ ಸಾಹೇಬರು ಬರುತ್ತಾರೆ.

ನಾನು ಒಂದು ಉಪಾಯ ಹೂಡಿದೆ. ಹೆಡ್ಮಿಸ್ ಕಾಲೆತ್ತಿದ ಕೂಡಲೇ ನಾನು ಟಿಕೆಟ್ ಕಿಟಕಿಯಿಂದ ಹಸಿರು ಟವೆಲ್ ಬೀಸುವುದು, ಅದನ್ನು ನೋಡಿಯೇ ಮಾವ ಬಾಯಿ ತೆರೆಯುವುದು. ಕಾರಣ ಹೇಳದೆ ಒಪ್ಪಿಸಬೇಕಿತ್ತು. ಸಾಹೇಬರು ಗಮನ ಕೊಡುವ ಹೊತ್ತಿಗೇ ಮಾತು ಶುರುವಾದರೆ ಚೆಂದ ಎಂದು ಪುಸಲಾಯಿಸಿದೆ. ಮಾವ ಒಪ್ಪಿದರು. ಅವರ ಜೀವನದಲ್ಲಿ ಮೊದಲ ಸಲ ಮೈಕಿನ ಮುಂದೆ ಕಣ್ಣು ತೆರೆದಿಟ್ಟುಕೊಳ್ಳಲೂ ಒಪ್ಪಿದರು.

ಸಾಹೇಬರು ಬಂದರು. ಬಡಕಲು ಆಳು, ಇಸ್ತ್ರಿ ಮುರಿಯದ ಪ್ಯಾಂಟು, ಆನೆ ಕಂಡು ಬೆವರುತ್ತಿದ್ದರೂ ಜಂಬ ಬಿಡದ ಮುಖ. ಅವರ ಯಂತ್ರ, ನನ್ನ ಮೇಜಿನ ಮೇಲಿಟ್ಟ ಒಂದು ಸಣ್ಣ ಪೆಟ್ಟಿಗೆ. ಅದಕ್ಕೆ ಬೀರುವಿನಷ್ಟು ದೊಡ್ಡ ಸ್ಪೀಕರು. ಆನೆಗಳು ಬರುವ ಮೊದಲೇ ಸ್ಪೀಕರನ್ನು ಎರಡನೇ ಪ್ಲಾಟ್‌ಫಾರ್ಮಿನ ಆಚೆ ಹಳಿಯ ಬದಿಗೆ ಇಳಿಸಿ, ಉದ್ದನೆಯ ತಂತಿ ಎಳೆದು, ನನ್ನ ಟಿಕೆಟ್ ಕೋಣೆಯ ಗೋಡೆಗೆ ಸಿಕ್ಕಿಸಿದ್ದರು. ಒಂಬತ್ತೂವರೆಗೆ ಏಳೂ ಆನೆ ದಿಬ್ಬದ ಮೇಲಿದ್ದವು. ಫೋನಿನಲ್ಲಿ “ಹೊರಟಿದೆ” ಬಂದಿತ್ತು. ನಾನು ಟವೆಲ್ ಹಿಡಿದು ಕೂತೆ.

ಸಾಹೇಬರು ಗಡಿಯಾರ ನೋಡಿಕೊಂಡರು. “ಶುರು ಮಾಡಿ.”

“ಇನ್ನೂ ಸ್ವಲ್ಪ ಹೊತ್ತು ಸಾರ್,” ಎಂದೆ ನಾನು.

“ರೈಲಿಗೂ ಇದಕ್ಕೂ ಏನಮ್ಮ ಸಂಬಂಧ? ಇವ್ರು ಹೇಳಿದ್ರೆ ಆನೆ ಹೋಗುತ್ತೆ ಅಂತ ತಾನೆ ಬರೆದಿರೋದು? ಈಗಲೇ ಹೇಳ್ಲಿ. ಒಂದೇ ಸಲ.”

ಮಾತು ನ್ಯಾಯವಾಗಿಯೇ ಇತ್ತು, ಅದಕ್ಕೇ ನನಗೆ ಮೈ ಉರಿಯಿತು. ಮಾವ ನನ್ನ ಕಡೆ ನೋಡಿ, ಟವೆಲ್ ಯಾಕೆ ಬೇಕು ಎನ್ನುವಂತೆ ಮುಗುಳ್ನಕ್ಕರು. ಗಳಗಳ ಮಾಡಿದರು. ಕಣ್ಣು ಮುಚ್ಚಿದರು. ಮೂವತ್ತೆಂಟು ವರ್ಷದಲ್ಲಿ ಅವರು ಅಷ್ಟು ಚೆನ್ನಾಗಿ ಹೇಳಿದ್ದೇ ಇಲ್ಲವೇನೋ. ‘ಕ್ಷಣಗಳಲ್ಲಿ’ ಎಂಬಲ್ಲಿ ದನಿ ಹಾಗೇ ತೇಲಿ, ತಗಡಿನ ಮಾಡು ಝುಂ ಎಂದಿತು.

ಹೆಡ್ಮಿಸ್ ಒಂದು ಕಟ್ಟು ಹುಲ್ಲು ಕಿತ್ತಳು. ಮಂಡಿಗೆ ಎರಡು ಸಲ ಬಡಿದು ಬಾಯಿಗಿಟ್ಟಳು. ಮರಿಯಾನೆ ನಮ್ಮ ಕಡೆಗೆ ಹಿಂಭಾಗ ತಿರುಗಿಸಿ ಮೈ ಕೆರೆದುಕೊಂಡಿತು.

ಮಾವ ಕಣ್ಣು ತೆರೆದರು. ದಿಬ್ಬ ನೋಡಿದರು. ಮೈಕು ಸರಿಯಿದೆಯೇ ಎಂದು ಬೆರಳಿನಿಂದ ತಟ್ಟಿದರು. ಸರಿಯಿತ್ತು. ಸಾಹೇಬರು ಬಾಯಿಗೆ ಕರವಸ್ತ್ರ ಒತ್ತಿಕೊಂಡು ನಗು ತಡೆಯುತ್ತಿದ್ದರು. ಮಾವ ಎದ್ದು ಹೊರಗೆ ಬಂದು ಎರಡನೇ ಪ್ಲಾಟ್‌ಫಾರ್ಮಿನ ಅಂಚಿಗೆ ನಿಂತರು, ಮಫ್ಲರ್ ಒಂದು ಕಡೆ ಜಾರಿತ್ತು. ನನಗೆ ಅಳು ಬಂತು. ಒಂದು ತಿಂಗಳ ಹಿಂದೆ ಅಡುಗೆಮನೆಯಲ್ಲಿ ಕೂರಿಸಿ ಹೇಳಿದ್ದರೆ ಮನೆಯವರ ಮುಂದೆ ಮಾತ್ರ ಸಣ್ಣವರಾಗುತ್ತಿದ್ದರು. ಈಗ ಸಾಹೇಬರ ಮುಂದೆ, ಕೋಳಿಯವನ ಮುಂದೆ, ಎಲ್ಲಕ್ಕಿಂತ ಹೆಚ್ಚಾಗಿ ಆನೆಗಳ ಮುಂದೆ ಆದರು.

“ಇನ್ನು ನಮ್ಮದು ನೋಡಿ,” ಎಂದು ಸಾಹೇಬರು ಪೆಟ್ಟಿಗೆಯ ಗುಂಡಿ ಒತ್ತಿದರು. ಟಿಂಗ್ ಟಾಂಗ್ ಎಂದಿತು. ಯಾವಳೋ ಒಬ್ಬಳು ಬಲು ನಾಜೂಕಾಗಿ, ರೈಲು ಬರುವುದೆಂದು ಹೇಳಿ ಧನ್ಯವಾದ ಅರ್ಪಿಸಿದಳು. ಆನೆಗಳು ತಲೆಯೆತ್ತಲೂ ಇಲ್ಲ. ಆದರೆ ಯಂತ್ರಕ್ಕೆ ಒಂದು ರೋಗವಿತ್ತು. ಅವಳ ಮಾತು ಮುಗಿದ ಮೇಲೂ ಆ ಬೀರು ಒಳಗೊಳಗೇ ಹೂಂಂಂ ಎಂದು ಗೊಣಗುತ್ತಲೇ ಇತ್ತು. ಕಿವಿಗೆ ಕೇಳಿಯೂ ಕೇಳದಂಥ ದನಿ. ನನ್ನ ಎದೆ ಗುಂಯ್ ಎಂದಿತು. ಚಹಾ ನೋಡಿದೆ. ಬಳೆಗಳು.

ಹೆಡ್ಮಿಸ್ ಬಾಯಲ್ಲಿದ್ದ ಹುಲ್ಲು ಬೀಳಿಸಿದಳು. ಕಿವಿ ಅರಳಿತು. ದಿಬ್ಬದಿಂದ ಇಳಿದು, ಹಳಿ ಏರಿ, ನೇರ ಸ್ಪೀಕರಿನ ಹತ್ತಿರ ಬಂದಳು. ಅದಕ್ಕೆ ಸೊಂಡಿಲು ತಾಗಿಸಿ ಮೂಸಿದಳು. ತಾನೂ ಒಮ್ಮೆ ತಗ್ಗಿದ ದನಿಯಲ್ಲಿ ಏನೋ ಕೇಳಿ, ಉತ್ತರಕ್ಕೆ ಮರ್ಯಾದೆಯಿಂದ ಕಾದಳು. ಬೀರು ಹೂಂಂಂ ಎಂದಿತು. ಬಹಳ ದಿನಕ್ಕೆ ಸಿಕ್ಕ ದೊಡ್ಡಮ್ಮ ಎಂದುಕೊಂಡಳೋ ಏನೋ! ಏಳೂ ಆನೆ ಓಡಿ ಬಂದು ಸ್ಪೀಕರನ್ನು ಸುತ್ತುವರಿದವು. ಕಿವಿ ಬಡಿದದ್ದೇನು, ಕಿರುಚಿದ್ದೇನು, ಸೊಂಡಿಲು ಹೆಣೆದದ್ದೇನು! ಬಂಧುಗಳು ಸಿಕ್ಕ ಸಂತೋಷಕ್ಕೆ ಆನೆಗಳು ನಿಂತಲ್ಲೇ ಲದ್ದಿ ಹಾಕುತ್ತವೆಂದು ನನಗೆ ಅಂದು ತಿಳಿಯಿತು. ಎಲ್ಲವೂ ಸರ್ಕಾರಿ ಸ್ಪೀಕರಿನ ಮೇಲೆ.

“ಹಳಿ ಮೇಲೆ ಬಂದ್ವಲ್ಲ!” ಸಾಹೇಬರು ಗುಂಡಿ ಒತ್ತಿದರು. ಟಿಂಗ್ ಟಾಂಗ್, ನಾಜೂಕಿನವಳು, ಮತ್ತೆ ಹೂಂಂಂ. ಮರಿಯಾನೆ ಹಳಿಯ ನಡುವೆ ಆರಾಮಾಗಿ ಕೂತುಬಿಟ್ಟಿತು. ಮನೆಗೆ ನೆಂಟರು ಬಂದಾಗ ಮಕ್ಕಳು ಕೂರುವುದಿಲ್ಲವೇ, ಹಾಗೆ.

ಆಗ ನನಗೆ ಹೊಳೆಯಿತು. ಬೀರು ಪಕ್ಕದಲ್ಲೇ ನೆಲ ನಡುಗಿಸುತ್ತಿದ್ದರೆ ಹೆಡ್ಮಿಸ್ ಪಾದಕ್ಕೆ ದೂರದ ರೈಲು ಹೇಗೆ ಕೇಳೀತು? ಫೋನು ಬಂದು ಒಂದು ಗಂಟೆಯಾಗಿತ್ತು. ತಿರುವಿನ ಆಚೆಯಿಂದ ಗಾಡಿ ಇಳಿಜಾರಿನಲ್ಲಿ ಬರುತ್ತದೆ. ಬ್ರೇಕು ಹಾಕಿದರೂ ನಿಲ್ಲುವುದು ಪ್ಲಾಟ್‌ಫಾರ್ಮಿಗೆ ಬಂದ ಮೇಲೆಯೇ.

“ಯಂತ್ರ ಆರ್ಸಿ ಸಾರ್!”

“ಗುಂಡಿ ಸಿಕ್ಕೊಂಡಿದೆ ಕಣಮ್ಮ!”

ನಾನು ಟವೆಲ್ ಎಸೆದು ಗೋಡೆಯಿಂದ ತಂತಿಯನ್ನು ಬುಡಸಮೇತ ಕಿತ್ತೆ. ಗೋಡೆಯ ಗಾರೆಯೂ ಒಂದಿಷ್ಟು ಬಂತು.

ಎಲ್ಲ ನಿಶ್ಶಬ್ದವಾಯಿತು. ಹೆಡ್ಮಿಸ್ ದೊಡ್ಡಮ್ಮನನ್ನು ಮತ್ತೊಮ್ಮೆ ಮಾತಾಡಿಸಿದಳು. ದೊಡ್ಡಮ್ಮ ಉತ್ತರ ಕೊಡಲಿಲ್ಲ. ಇನ್ನೊಂದು ಸಲ ಕೇಳಲು ಹೊರಟವಳು ಅರ್ಧಕ್ಕೇ ನಿಂತಳು. ಸೊಂಡಿಲ ತುದಿ ನೆಲಕ್ಕೆ ಇಳಿಯಿತು. ಬಲಗಾಲು ಮೇಲೆದ್ದಿತು. ಏಳೂ ಆನೆ ಕದಲದೆ ನಿಂತವು. ಎರಡು ಹೆಜ್ಜೆ ಆಚೆ ಮಾವ, ಬಾಯಿ ಮುಚ್ಚಿ, ಎರಡೂ ಕಣ್ಣು ಬಿಟ್ಟು, ಮಫ್ಲರ್ ಜಾರಿ ಕಿವಿ ಬಯಲಾಗಿ, ಆ ಎತ್ತಿದ ಪಾದವನ್ನೇ ನೋಡುತ್ತಿದ್ದರು. ಯಾರೂ ಏನೂ ಹೇಳಿರಲಿಲ್ಲ. ಆದರೂ ಹೆಡ್ಮಿಸ್ ತಿರುಗಿದಳು. ಮರಿಗೆ ಹಿಂದಿನಿಂದ ಒಂದು ಒದೆ ಕೊಟ್ಟು ಎಬ್ಬಿಸಿದಳು. ಸಾಲು ದಿಬ್ಬ ಹತ್ತಿ ಆಚೆ ಇಳಿಯಿತು.

ಮಾವ ನನ್ನ ಕಡೆ ತಿರುಗಿ ನೋಡಿದ ನೋಟ ನಾನು ಸಾಯುವವರೆಗೆ ಮರೆಯುವುದಿಲ್ಲ. ಎಲ್ಲ ಅರ್ಥವಾಗಿತ್ತು. ಆಮೇಲೆ ಕೋಣೆಯೊಳಗೆ ಓಡಿದರು. ಗಳಗಳ ಇಲ್ಲ. ಕಣ್ಣು ಮುಚ್ಚಲಿಲ್ಲ.

“ಪ್ರಯಾಣಿಕರ ಗಮನಕ್ಕೆ!” ಕಂಚು ಒಡೆದು ಕರ್ಕಶವಾಗಿತ್ತು. “ರೈಲು ನಿಜವಾಗ್ಲೂ ಬರ್ತಾ ಇದೆ. ಐದು ನಿಮಿಷ. ಅಂಚಿನಿಂದ ಹಿಂದೆ ಸರೀರಿ. ಇದು ನಾನು ಹೇಳ್ತಿರೋದಲ್ಲ, ಹೆಡ್ಮಿಸ್ ಹೇಳಿದ್ದು!”

ಐದು ನಿಮಿಷಕ್ಕೆ ರೈಲು ಬಂತು. ಕೋಳಿಯವನು ಕೈ ಗಡಿಯಾರ ನೋಡಿಕೊಂಡು, ಏನೋ ಅಪಶಕುನ ಕಂಡವನಂತೆ ಮಾವನ ಕೋಣೆಯ ಕಡೆ ನೋಡುತ್ತ ಹತ್ತಿದ.

ಸಾಹೇಬರು ನನ್ನ ಮೇಜಿನ ಅಡಿಯಿಂದ ಹೊರಬಂದು ಪ್ಯಾಂಟಿನ ಗಾರೆ ಕೊಡವಿದರು. ಅವರು ಕೆಟ್ಟವರಲ್ಲ. ಬರೆಯಲು ಕೂತಾಗ ಇದ್ದದ್ದನ್ನು ಇದ್ದ ಹಾಗೆ ಬರೆದರು. ಯಂತ್ರವು ಆನೆಗಳನ್ನು ಹಳಿಯ ಮೇಲೆ ಕರೆಯಿತು. ಉದ್ಘೋಷಕರ ಕಂಠಕ್ಕೆ ಆನೆಗಳು ಸೊಪ್ಪು ಹಾಕುವುದಿಲ್ಲ. ಆದರೆ ರೈಲಿನ ವಿಷಯ ಆನೆಗಳಿಗೆ ಇಲಾಖೆಗಿಂತ ಚೆನ್ನಾಗಿ ಗೊತ್ತಿದೆ. ಅವುಗಳನ್ನು ನೋಡಿ, ಜನರಿಗೆ ತಿಳಿಯುವಂತೆ ಹೇಳಲು ಒಬ್ಬ ಮನುಷ್ಯ ಬೇಕೇ ಬೇಕು. ಹುದ್ದೆ ಮುಂದುವರಿಸಬಹುದು, ಕುರ್ಚಿಯನ್ನು ಕೋಣೆಯಿಂದ ಹೊರಗೆ ಹಾಕತಕ್ಕದ್ದು.

ಹುದ್ದೆ ಉಳಿದ ಸುದ್ದಿಗೆ ಮಾವ ಕುಣಿಯಲಿಲ್ಲ. ಬೆಂಚಿನ ಮೇಲೆ ನನ್ನ ಪಕ್ಕ ಕೂತು, “ನಿಂಗೆ ಯಾವಾಗಿಂದ ಗೊತ್ತಿತ್ತು?” ಎಂದರು.

“ಇಲಿ ತಂತಿ ಕಡಿದ ದಿನದಿಂದ.”

“ನಿಮ್ಮತ್ತೆಗೆ?”

“ಅವತ್ತು ಸಂಜೆಯಿಂದ.”

“ಅಂದ್ರೆ ಇಲಿ ಒಂದನ್ನ ಬಿಟ್ಟು ಎಲ್ರಿಗೂ ಗೊತ್ತಿತ್ತು.”

“ಇಲಿಗೂ ಗೊತ್ತಿರ್ಬೇಕು ಮಾವ. ಇಲ್ದಿದ್ರೆ ತಂತಿ ಯಾಕೆ ಕಡೀತಿತ್ತು?”

ಮಾವ ನಗಲು ನೋಡಿದರು, ಆಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ನಿಜವಾಗಿ ನಕ್ಕರು. ನಾನೂ ನಕ್ಕೆ, ಮೂಗು ಒರೆಸಿಕೊಂಡೆ.

ಮರುದಿನದಿಂದ ಅವರು ಪ್ಲಾಟ್‌ಫಾರ್ಮಿನ ಕುರ್ಚಿಯಲ್ಲಿ, ಮಫ್ಲರ್ ಇಲ್ಲದೆ, ಬರಿಗಾಲು ನೆಲಕ್ಕೂರಿ ಕೂರತೊಡಗಿದರು. ಹತ್ತಕ್ಕೆ ಮೈಕು ಹಿಡಿದು ಹೇಳಿದ ಮೊದಲ ಮಾತು ಊರಿಗೇ ಸುದ್ದಿಯಾಯಿತು. “ಪ್ರಯಾಣಿಕರ ಗಮನಕ್ಕೆ. ರೈಲು ಯಾವಾಗ ಬರುತ್ತದೋ ನನಗೆ ತಿಳಿಯದು. ಹೆಡ್ಮಿಸ್ ಇನ್ನೂ ಮೇಯುತ್ತಿದ್ದಾರೆ. ತಾವು ಚಹಾ ಕುಡಿಯಬಹುದು.” ಒಬ್ಬರೂ ಮುಖ ಬಾಡಿಸಿಕೊಳ್ಳಲಿಲ್ಲ. ಎಲ್ಲರೂ ಹೋಗಿ ಚಹಾ ಕುಡಿದರು.

ಅಂದು ಸಂಜೆ ನಾನು ಅವರ ಮನೆಯಲ್ಲೇ ಇದ್ದೆ. ಅಡುಗೆಮನೆಯ ಕಿಟಕಿ ದಡಾರ್ ಎಂದಿತು. ಅತ್ತೆ ಅಭ್ಯಾಸಬಲದಿಂದ ಏನೋ ಗೊಣಗಿ ಸೌಟಿಗೆ ಕೈ ಹಾಕಿದರು.

“ಏನಂದೆ?” ಎಂದು ಮಾವ ಕೇಳಿದರು, ಬಾಯಲ್ಲೇ. “ಇನ್ನೊಂದ್ಸಲ ಹೇಳು. ಕೇಳಿಸ್ಕೊಳ್ಲಿಲ್ಲ.”

ಅತ್ತೆ ಸೌಟು ಹಿಡಿದು ಹಾಗೇ ನಿಂತರು. ಅಂಥ ಪ್ರಶ್ನೆಗೆ ಅವರು ತಯಾರಾಗಿರಲಿಲ್ಲ.

“ಚಿಲಕ ಹಾಕಿಸ್ಕೊಡಿ ಅಂದೆ.”

“ಯಾವಾಗಿಂದ ಹೇಳ್ತಿದ್ದೀಯ?”

“ಈ ಮನೆಗೆ ಬಂದಾಗಿಂದ. ಹನ್ನೊಂದು ವರ್ಷ ಆಯ್ತು.”

ಮಾವ ತಲೆ ತಗ್ಗಿಸಿದರು. ಎದ್ದು ಸ್ಲೇಟು ತೆಗೆದು, ಆ ಹಳೆಯ ಎರಡು ಪದಗಳನ್ನು ಅಂಗೈಯಿಂದ ಒರೆಸಿದರು. ಪೂರ್ತಿ ಹೋಗಲಿಲ್ಲ, ಬಿಳಿ ಕಲೆ ಉಳಿಯಿತು.

“ಹಾಕ್ತೀನಿ. ಕೆಲವೇ ಕ್ಷಣ...” ಎಂದು ಶುರು ಮಾಡಿ, ನಾಲಿಗೆ ಕಚ್ಚಿಕೊಂಡರು.

ಅತ್ತೆ ಅವರ ಬಾಯಿ ನೋಡಲಿಲ್ಲ. ಸೊಂಟದ ಮೇಲೆ ಕೈಯಿಟ್ಟುಕೊಂಡು, ಅವರ ಪಾದವನ್ನೇ ನೋಡುತ್ತ ನಿಂತರು.

ಮಾವ ಬಲಗಾಲನ್ನು ಒಂದು ಗೇಣು ಮೇಲೆತ್ತಿದರು, ತಿರುಗಿದರು, ಸ್ಕ್ರೂಡ್ರೈವರ್ ತರಲು ಹೋದರು.